ಸಮುದ್ರದ ಗಾಳಿಗೆ ಮನೋಳಿಯ ಬೇಲಿ

ಸ್ನೇಹಲ್ ಪೋರ್ಚುಗಲ್ಲಿಗೆ ಹೋಗಿ ಮೂರು ತಿಂಗಳಾಗುವಷ್ಟರಲ್ಲಿ, ಅವಳು ಅಲ್ಲಿ ಗಾಂಜಾ ಬೆಳೆಯುತ್ತಾಳೆಂಬ ಸುದ್ದಿ ಅವಳ ಊರು ಮನೋಳಿಯ ಚಹಾದಂಗಡಿಗಳನ್ನೆಲ್ಲ ಸುತ್ತಿ ಬಂದಿತ್ತು. ಸುದ್ದಿ ಹಬ್ಬಿಸಿದವಳು ಅವಳ ತಾಯಿ ಪದ್ಮವ್ವನೇ. ಮಗಳ ಕೆಲಸ ಏನೆಂದು ಯಾರು ಕೇಳಿದರೂ ಮುಚ್ಚಿಡುವ ಹೆಂಗಸಲ್ಲ ಅವಳು.

"ಔಷಧಕ್ಕ ಬೆಳೀತಾರ್ರಿ. ಅಲ್ಲಿ ಸರ್ಕಾರನ ಲೈಸನ್ಸ್ ಕೊಟ್ಟೈತಿ. ಒಂದು ಎಲಿ ಉದುರಿದ್ರೂ ತೂಕ ಮಾಡಿ ಬರದಿಡತಾರಂತ," ಎಂದು ನೇರವಾಗಿಯೇ ಹೇಳುತ್ತಿದ್ದಳು.

ಸ್ನೇಹಲ್‌ನ ತಂದೆ ಭರಮಪ್ಪ ನಿಜಗುಣಪ್ಪಗೌಡರ ಎಲೆತೋಟವನ್ನು ಇಪ್ಪತ್ತು ವರ್ಷದಿಂದ ಪಾಲಿಗೆ ಮಾಡುತ್ತಿದ್ದ. ಗೌಡರು ಒಂದು ದಿನ ತೋಟಕ್ಕೆ ಬಂದವರು ನಗುತ್ತ ಕೆಣಕಿದರು.

"ಏನೋ ಭರಮಪ್ಪಾ, ನೀ ವೀಳ್ಯದೆಲಿ ಬೆಳದಿ. ನಿನ್ನ ಮಗಳು ನಿನಗಿಂತ ಮುಂದ ಹೋದ್ಲಲ್ಲೋ!"

"ಹೌದ್ರಿ ಗೌಡ್ರ. ಇಲ್ಲಿ ಬೆಳದ್ರ ಜೇಲು, ಅಲ್ಲಿ ಬೆಳದ್ರ ಪಗಾರ. ಆಕಿ ಶಾಣ್ಯಾಕಿ, ಪಗಾರ ಇದ್ದ ಕಡೆ ಹೋಗ್ಯಾಳ," ಎಂದ ಭರಮಪ್ಪ. ಕೈಯಲ್ಲಿದ್ದ ಬಳ್ಳಿ ಕಟ್ಟುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಸ್ನೇಹಲ್ ಕೃಷಿ ಡಿಪ್ಲೊಮಾ ಮುಗಿಸಿ, ಬೈಲಹೊಂಗಲದ ಹತ್ತಿರ ಒಂದು ಪಾಲಿಹೌಸಿನಲ್ಲಿ ನಾಲ್ಕು ವರ್ಷ ಜರ್ಬೆರಾ ಹೂ ಬೆಳೆಸಿದವಳು. ಗಿಡಕ್ಕೆ ರೋಗ ಬರುವ ಎರಡು ದಿನ ಮೊದಲೇ ಅವಳಿಗೆ ಗೊತ್ತಾಗುತ್ತದೆ ಎಂದು ಅಲ್ಲಿಯವರು ಹೇಳುತ್ತಿದ್ದರು. ಆ ಹೆಸರಿನ ಮೇಲೆಯೇ ಪೋರ್ಚುಗಲ್ಲಿನ ಕೆಲಸ ಸಿಕ್ಕಿತು.

ತೋಟ ಇದ್ದದ್ದು ಸಮುದ್ರದ ದಂಡೆಯ ಮೇಲೆ. ಗಾಜಿನ ಮನೆಗಳ ಆಚೆ ಐದು ಎಕರೆ ಬಯಲು. ಅಲ್ಲಿ ಹಾಕುತ್ತಿದ್ದದ್ದು ಉದ್ದಕ್ಕೆ ಬೆಳೆಯುವ, ಎಲೆ ಸಣ್ಣಗಿರುವ, ಸಟೈವಾ ಎಂಬ ಗಾಂಜಾ ಜಾತಿ. ಹೂ ಬಿಟ್ಟಾಗ ಮಾಗತೊಡಗಿದ ಮಾವಿನಹಣ್ಣಿನ ವಾಸನೆ ಬರುತ್ತದಂತೆ. ಆದರೆ ಹಿಂದಿನ ವರ್ಷ ಆ ವಾಸನೆ ಕಂಡವರೇ ಕಡಿಮೆ. ಅರ್ಧಕ್ಕಿಂತ ಹೆಚ್ಚು ಗಿಡ ಗಾಳಿಗೆ ಮುರಿದಿದ್ದವು, ಉಳಿದವುಗಳ ಹೂವಿಗೆ ಬೂಜು ಹತ್ತಿತ್ತು.

"ಇದೊಂದು ವರ್ಷ ನೋಡುತ್ತೇನೆ. ಈ ಸಲವೂ ಹೀಗೇ ಆದರೆ ಬಯಲು ತೋಟ ಮುಚ್ಚುವುದೇ," ಎಂದಿದ್ದಳು ಮೇಲ್ವಿಚಾರಕಿ ಇನೇಸ್. ಇಬ್ಬರ ಮಾತೂ ಹರಕು ಮುರುಕು ಇಂಗ್ಲಿಷಿನಲ್ಲೇ ನಡೆಯುತ್ತಿತ್ತು.

ಗಾಳಿ ತಡೆಯಲೆಂದು ತೋಟದ ಸುತ್ತ ಆಳೆತ್ತರಕ್ಕಿಂತ ಮೇಲೆ ತಗಡು ಹೊಡೆದಿದ್ದರು. ಜೂನ್ ತಿಂಗಳಲ್ಲಿ ಸ್ನೇಹಲ್ ಒಂದು ವಿಚಿತ್ರ ಕಂಡಳು. ತಗಡಿಗೆ ಹತ್ತಿದ ಮೊದಲ ಸಾಲಿನ ಗಿಡಗಳು ಚೆನ್ನಾಗಿದ್ದವು. ಐದು, ಆರನೆಯ ಸಾಲಿನವು ಯಾರೋ ಜುಟ್ಟು ಹಿಡಿದು ತಿರುವಿದಂತೆ ತಿರುಚಿ ಬಿದ್ದಿದ್ದವು.

ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ವಿಡಿಯೋ ಕಾಲ್ ಮಾಡಿದಳು. ಮನೋಳಿಯಲ್ಲಿ ಆಗ ಸಂಜೆ. ತೋಟದೊಳಗೆ ಫೋನು ಒಯ್ಯುವಂತಿರಲಿಲ್ಲ, ಫೋಟೋ ತೆಗೆಯುವಂತಿರಲಿಲ್ಲ. ಅದಕ್ಕೇ ಬ್ರೆಡ್ಡಿನ ಚೀಲದ ಹಿಂದೆ ಪೆನ್ನಿನಿಂದ ಸಾಲು, ಬೇಲಿ ಎಲ್ಲ ಬರೆದು ತೋರಿಸಿದಳು.

ಭರಮಪ್ಪ ಚಾಳೀಸು ಕನ್ನಡಕ ಏರಿಸಿ ನೋಡಿದ. "ಬೇಲಿಗಿ ಸಂದಿ ಐತೇನು?"

"ಒಂದು ಸಂದಿನೂ ಇಲ್ಲಪಾ. ಪೂರಾ ತಗಡು."

"ಹಂಗಾದ್ರ ಗಾಳಿ ಎಲ್ಲಿ ಹೋಗಬೇಕು? ಮ್ಯಾಲ ಹತ್ತಿ ಒಳಗ ಜಿಗೀತೈತಿ. ಜಿಗದಲ್ಲೇ ಗಿಡ ಮುರೀತಾವ. ಯವ್ವಾ, ನಮ್ಮ ಎಲಿತೋಟಕ್ಕ ಗ್ವಾಡಿ ಕಟ್ಟೇವೇನು? ಚೊಗಚಿ ಹಚ್ಚೇವಿ, ನುಗ್ಗಿ ಹಚ್ಚೇವಿ. ಗಾಳಿನ ತಡೀಬಾರದು, ಸೋಸಬೇಕು."

ಸ್ನೇಹಲ್ ತಲೆ ಚಚ್ಚಿಕೊಂಡಳು. ಚಿಕ್ಕವಳಿದ್ದಾಗ ಎಲೆಬಳ್ಳಿಗೆ ಆಸರೆಯಾಗಿ ನಿಂತ ಆ ಚೊಗಚಿ ಗಿಡಗಳ ನಡುವೆಯೇ ಓಡಾಡಿದವಳು. ಇದು ಪುಸ್ತಕದಲ್ಲಿಯೂ ಇತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಆದರೆ ಆ ತಗಡಿನ ಎದುರು ನಿಂತಾಗ ನೆನಪಾಗಿರಲಿಲ್ಲ.

ಬರೀ ಅಪ್ಪ ಹೇಳಿದ ಎಂದರೆ ಇನೇಸ್ ಒಪ್ಪುವವಳಲ್ಲ. ಮರುದಿನ ಸ್ನೇಹಲ್ ಮೂವತ್ತು ಬಡಿಗೆಗಳಿಗೆ ಕೆಂಪು ರಿಬ್ಬನ್ ಕಟ್ಟಿ ಸಾಲು ಸಾಲಾಗಿ ನೆಟ್ಟಳು. ಮಧ್ಯಾಹ್ನದ ಗಾಳಿ ಎದ್ದಾಗ ಇನೇಸ್‌ಳನ್ನು ಕರೆದಳು. ತಗಡಿನ ಬುಡದ ರಿಬ್ಬನ್ನುಗಳು ಸುಮ್ಮನೆ ಜೋತುಬಿದ್ದಿದ್ದವು. ಆರನೆಯ ಸಾಲಿನವು ಹುಚ್ಚು ಹಿಡಿದಂತೆ ಗಿರಗಿರ ತಿರುಗುತ್ತಿದ್ದವು.

"ನಿಮ್ಮ ಬೇಲಿಯೇ ಗಿಡ ಮುರಿಯುತ್ತಿದೆ. ಬುಡದಲ್ಲಿ ಗಾಳಿ ಆಡದೆ ಬೂಜು ಬರುವುದೂ ಅದರಿಂದಲೇ," ಎಂದಳು ಸ್ನೇಹಲ್.

ಇನೇಸ್ ಸಾಲುಗಳ ನಡುವೆ ನಡೆದು ರಿಬ್ಬನ್ನುಗಳನ್ನು ಒಂದೊಂದಾಗಿ ನೋಡಿದಳು. ಆ ತಗಡು ಹೊಡೆಸಿದವಳು ಅವಳೇ. ಕೊನೆಗೆ, "ಬಿಚ್ಚಿಸು," ಎಂದಳು.

ಒಂದು ವಾರ ತಗಡು ಬಿಚ್ಚುವ ಕೆಲಸವೇ ನಡೆಯಿತು. ಆ ಜಾಗಕ್ಕೆ ಅರ್ಧ ಗಾಳಿ ಬಿಡುವ ಬಲೆ ಕಟ್ಟಿಸಿದಳು. ಚೊಗಚಿ ಆ ದೇಶದಲ್ಲಿ ಎಲ್ಲಿ ಸಿಗಬೇಕು? ದನದ ಮೇವಿನ ಅಂಗಡಿಯಲ್ಲಿ ಜೋಳದ ಬೀಜ ಸಿಕ್ಕಿತು. ಬಲೆಯ ಒಳಗೆ ಮೂರು ಸಾಲು ಜೋಳ ಬಿತ್ತಿಸಿದಳು. ಗಾಂಜಾ ಗಿಡಗಳ ತುದಿ ಚಿವುಟಿ ಎತ್ತರ ತಗ್ಗಿಸಿದಳು. ಕೊಂಬೆಗಳನ್ನು ಅಡ್ಡಕ್ಕೆ ಬಾಗಿಸಿ ಕಟ್ಟಿಸಿದಳು. ಜೊತೆಯ ಕೆಲಸಗಾರರು ಇಷ್ಟು ಚಿವುಟಿದರೆ ಗಿಡ ಉಳಿದೀತೇ ಎಂದು ಗೊಣಗಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಸೆಪ್ಟೆಂಬರ್ ಕೊನೆಗೆ, ಕೊಯ್ಲಿಗೆ ಎರಡು ವಾರ ಇರುವಾಗ, ಬಿರುಗಾಳಿ ಬಂತು. ಎರಡು ದಿನ ಯಾರನ್ನೂ ತೋಟದೊಳಗೆ ಬಿಡಲಿಲ್ಲ. ಸ್ನೇಹಲ್ ಬಾಡಿಗೆ ಕೋಣೆಯಲ್ಲಿ ರೊಟ್ಟಿ ಬಡಿಯುತ್ತ, ಬಡಿದ ರೊಟ್ಟಿ ತಿನ್ನಲಾರದೆ ಕುಳಿತಳು. ಪದ್ಮವ್ವ ಫೋನಿನಲ್ಲಿ, "ನಿನ್ನ ಕೈಲಿದ್ದಷ್ಟು ನೀ ಮಾಡೀದಿ. ಈಗ ಉಣ್ಣು," ಎಂದು ಗದರಿದಳು.

ಮೂರನೆಯ ದಿನ ಬೆಳಿಗ್ಗೆ ಕಾವಲುಗಾರ ಗೇಟು ತೆಗೆಯುತ್ತಲೇ ಮೊದಲು ಬಂದದ್ದು ವಾಸನೆ. ಹಣ್ಣು ಮಾಗಲು ಹುಲ್ಲಿನಲ್ಲಿಟ್ಟ ಕೋಣೆಯ ಬಾಗಿಲು ತೆರೆದಂತೆ. ಜೋಳ ಪೂರಾ ಮಲಗಿತ್ತು. ಬಲೆ ಒಂದು ಕಡೆ ಹರಿದಿತ್ತು, ಅಲ್ಲಿ ನಲವತ್ತು ಗಿಡ ಹೋಗಿದ್ದವು. ಉಳಿದವೆಲ್ಲ ನಿಂತಿದ್ದವು. ಸ್ನೇಹಲ್ ಸಾಲು ಸಾಲು ಹೊಕ್ಕು ಹೂ ಬಿಡಿಸಿ ನೋಡಿದಳು. ಎಲ್ಲಿಯೂ ಬೂಜಿಲ್ಲ. ಹಿಂದೆ ಬಂದ ಇನೇಸ್ ಅವಳ ಹೆಗಲ ಮೇಲೆ ಕೈಯಿಟ್ಟು ನಿಂತುಬಿಟ್ಟಳು.

ಕೊಯ್ಲು ಮುಗಿದ ಮೇಲೆ ಬಯಲು ತೋಟದ ಉಸ್ತುವಾರಿ ಸ್ನೇಹಲ್‌ಗೆ ಬಂತು. ಸುದ್ದಿ ಕೇಳಿದ ಭರಮಪ್ಪ, "ಕೈಕೆಳಗ ಎಷ್ಟು ಮಂದಿ ಕೊಟ್ಟಾರ?" ಎಂದು ಕೇಳಿದ.

"ಹನ್ನೊಂದು ಮಂದಿ ಅಪಾ."

"ಅವರ ಮ್ಯಾಲ ಒದರಬ್ಯಾಡ. ಮಾಡಿ ತೋರಸು."

ಮುಂದಿನ ವಸಂತಕ್ಕೆ ಇನೇಸ್ ಅವಳನ್ನು ಇನ್ನೊಂದು ಜಾಗಕ್ಕೆ ಕರೆದೊಯ್ದಳು. ಮೊದಲಿನದಕ್ಕಿಂತ ಸಮುದ್ರಕ್ಕೆ ಹತ್ತಿರದ, ಒಂದು ಪೊದೆಯೂ ಇಲ್ಲದ ಬರಡು ದಿಬ್ಬ. ನಿಂತರೆ ಓಢಣಿ ಮುಖಕ್ಕೆ ಬಡಿಯುತ್ತಿತ್ತು.

"ಇಲ್ಲಿ ಆಗುತ್ತದೆಯೇ?"

ಸ್ನೇಹಲ್ ಓಢಣಿ ಸೊಂಟಕ್ಕೆ ಬಿಗಿದು, ದಿಬ್ಬವನ್ನು ಒಂದು ಸುತ್ತು ಹಾಕಿ ಬಂದಳು.

"ಆಗುತ್ತದೆ. ಆದರೆ ಒಂದು ತಿಂಗಳು ಏನೂ ನೆಡುವುದಿಲ್ಲ. ಮೊದಲು ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿ ಹೋಗುತ್ತದೆ, ನೋಡುತ್ತೇನೆ."

ಇನೇಸ್ ಆಗಲಿ ಎಂದಳು.