ಅಟ್ಟದಮ್ಮನ ಹೆಸರು

ಈ ಶನಿವಾರದ ಬೆಳಗೂ ಎಲ್ಲ ಬೆಳಗಿನ ಹಾಗೆಯೇ ಶುರುವಾಗಿತ್ತು. ಹಾಲು ಒಲೆಗಿಟ್ಟೆ, ಬಾಗಿಲಿಗೆ ನೀರು ಹಾಕಿ ಎರಡೆಳೆ ರಂಗೋಲಿ ಎಳೆದೆ, ಯಜಮಾನರ ಡಬ್ಬಿಗೆ ಚಪಾತಿ ಬೇಯಿಸಿದೆ. ಚಟ್ನಿಪುಡಿ ತಳ ಕಂಡಿತ್ತು. ಡಬ್ಬದಿಂದ ಒಂದು ಕೊಬ್ಬರಿ ಗಿಟುಕು ತೆಗೆದು ಎರಡು ಹೋಳು ಮಾಡಿದೆ. ಹೊರಗೆ ಒಂದು ಕಲೆಯಿಲ್ಲ, ಒಳಗೆ ಪೂರ್ತಿ ಹಳದಿ. ಕಮಟು ವಾಸನೆ ಮೂಗಿಗೆ ಹೊಡೆಯಿತು.

ಅದೇ ಹೊತ್ತಿಗೆ ಕಟ್ಟೆಯ ಮೇಲಿದ್ದ ಫೋನು ಗುಂಯ್ ಅಂದಿತು. ನನ್ನ ಮೈದುನ ಕಳಿಸಿದ ಸಂದೇಶ. ‘ಅತ್ತಿಗೆ, ನಿಮ್ಮ ಪರಿಚಯ ಬರೆಸಿದ್ದೀನಿ. ಓದಿ ಓಕೆ ಅನ್ನಿ. ಸಂಜೆಯೊಳಗೆ ಹಾಕಬೇಕು.’

ಮೈದುನನದೊಂದು ಕಂಪನಿ ಇದೆ, ಇಲ್ಲೇ ಅರಸೀಕೆರೆಯಲ್ಲಿ. ಆಸ್ಪತ್ರೆಗಳ ಸ್ಕ್ಯಾನು, ಸೊಸೈಟಿಗಳ ಕಾಗದ, ಸ್ಟುಡಿಯೋಗಳ ಫೋಟೋ, ಹೀಗೆ ಬೇರೆಯವರ ದಾಖಲೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜೋಪಾನವಾಗಿ ಇಟ್ಟುಕೊಡುವುದು ಅವರ ಕೆಲಸ. ಶುರು ಮಾಡುವಾಗ ನಿರ್ದೇಶಕರು ಇಬ್ಬರಾದರೂ ಬೇಕು ಅಂತ ನನ್ನ ಹೆಸರನ್ನೂ ಸೇರಿಸಿದ್ದರು. ಗೌರಿ ಹಬ್ಬದ ದಿನ ಒಬ್ಬಟ್ಟು ತಟ್ಟುತ್ತಿದ್ದ ಕೈ ತೊಳೆದುಕೊಂಡು ಬಂದು, ತೋರಿಸಿದ ಕಡೆಯೆಲ್ಲ ಸಹಿ ಹಾಕಿದ್ದೆ. ಈಗ ಸೋಮವಾರ ಬೆಂಗಳೂರಿನಿಂದ ಬಂಡವಾಳ ಹಾಕುವವರು ಬರುತ್ತಾರಂತೆ. ಬರುವ ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ಮುಂದಾಳುಗಳ ಪುಟ ಓದುತ್ತಾರಂತೆ. ಯಾರು, ಎಲ್ಲಿ ಓದಿದವರು, ಹಿಂದೆ ಏನು ಮಾಡಿದವರು... ಎಲ್ಲ ಅಲ್ಲಿರಬೇಕು.

ನನ್ನ ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ಏಳು ಸಾಲು. ಕೃಷಿ ಉತ್ಪನ್ನಗಳ ದಾಸ್ತಾನಿನಲ್ಲಿ ಎರಡು ದಶಕಗಳ ಅನುಭವ, ದೂರದೃಷ್ಟಿಯ ನಾಯಕಿ, ಇನ್ನೂ ಏನೇನೋ. ನಾನು ದಾಸ್ತಾನು ಮಾಡಿದ್ದೇನಾದರೂ ಇದ್ದರೆ ಹಪ್ಪಳ, ಸಂಡಿಗೆ. ನಕ್ಕು ಓಕೆ ಅಂದುಬಿಡುತ್ತಿದ್ದೆನೋ ಏನೋ. ಆದರೆ ಪಕ್ಕದಲ್ಲೇ ಮೈದುನನ ಜೊತೆಗಾರನ ಪರಿಚಯವೂ ಇತ್ತು. ಒಳ್ಳೆಯ ಹುಡುಗ, ದೊಡ್ಡ ಕಾಲೇಜಿನಲ್ಲಿ ಓದಿದವನು. ‘ಸಂಗ್ರಹಿಸಿದ್ದನ್ನು ಆಗಾಗ ಹೊರತೆಗೆದು ಪರೀಕ್ಷಿಸುವ ವಿಧಾನವನ್ನು ರೂಪಿಸಿದವರು’ ಅಂತ ಅವನ ಬಗ್ಗೆ ಬರೆದಿದ್ದರು.

ಆ ಸಾಲು ಓದಿ ಕೈಯಲ್ಲಿದ್ದ ಕೊಬ್ಬರಿ ಹೋಳು ಕೆಳಗಿಟ್ಟೆ. ಕಮಟು ವಾಸನೆ ಇನ್ನೂ ಬೆರಳಲ್ಲಿತ್ತು.

ನಾನು ಕಾನ್ವೆಂಟಿಗೆ ಹೋಗುತ್ತಿದ್ದ ದಿನಗಳಲ್ಲಿ ನಮ್ಮ ಮನೆಗೆ ಅಂಟಿಕೊಂಡಂತೆ ಒಂದು ಕೊಬ್ಬರಿ ಮಂಡಿ ಇತ್ತು. ಕೆಳಗೆ ವ್ಯಾಪಾರ, ಮೇಲೆ ಉದ್ದಕ್ಕೂ ಬಿದಿರಿನ ಅಟ್ಟ. ಮನೆಯಲ್ಲಿ ಅಟ್ಟವಿಲ್ಲದ ಬೆಳೆಗಾರರು ಸಿಪ್ಪೆ ಸಮೇತ ಕಾಯಿ ತಂದು ಅಲ್ಲಿ ಇಡುತ್ತಿದ್ದರು. ವರ್ಷದ ಹತ್ತಿರ ಹತ್ತಿರ ಹಾಗೇ ಇರಬೇಕು, ಆಗ ಒಳಗಿನ ನೀರು ಆರಿ, ಕಾಯಿ ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಅಷ್ಟು ದಿನ ಅದನ್ನು ಕಾಯುತ್ತಿದ್ದವರು ಮಂಡಿ ಸಾಹುಕಾರರ ಅಕ್ಕ. ಚಿಕ್ಕ ವಯಸ್ಸಿಗೇ ತವರಿಗೆ ವಾಪಸಾಗಿ, ಬಸ್ತಿಹಳ್ಳಿಯಿಂದ ತಮ್ಮನ ಜೊತೆ ಅರಸೀಕೆರೆಗೆ ಬಂದು ಮಂಡಿ ಕಟ್ಟಿದವರು. ಊರಿಗೆಲ್ಲ ಅವರು ಅಟ್ಟದಮ್ಮ.

ಹಣೆ ತುಂಬ ವಿಭೂತಿ. ಎಡಗಿವಿಯಲ್ಲಿ ಮಾತ್ರ ಓಲೆ. ಬಲಗಿವಿ ಬರಿದು. ಯಾಕೆಂದರೆ ಆ ಕಿವಿಯ ಹತ್ತಿರ ಕಾಯಿ ಹಿಡಿದು ಅಲ್ಲಾಡಿಸಬೇಕಿತ್ತು. ಓಲೆ ಇದ್ದರೆ ಅದೇ ಸದ್ದು ಮಾಡುತ್ತದಂತೆ. ಬೀದಿಯ ಹೆಂಗಸರು ‘ಒಂಟಿ ಓಲೆ’ ಅಂತ ಆಡಿಕೊಂಡರೆ, ಇನ್ನೊಂದನ್ನು ನಿಮ್ಮ ಮಗಳ ಮದುವೆಗೆ ಎತ್ತಿಟ್ಟಿದ್ದೀನಿ, ಬೇಗ ಗಂಡು ಹುಡುಕಿ ಅನ್ನುತ್ತಿದ್ದರು.

ಪ್ರತಿ ಶನಿವಾರ ಪ್ರತಿ ರಾಶಿಯಿಂದ ಮೂರು ಕಾಯಿ ತೆಗೆಯುವುದು ಅವರ ಪದ್ಧತಿ. ಒಂದು ಮೇಲಿಂದ, ಒಂದು ಮಗ್ಗುಲಿಂದ, ಒಂದು ತಳದಿಂದ. ತಳದ್ದನ್ನು ಎಳೆದರೆ ಮೇಲಿನವು ದಡದಡ ಉರುಳಿ ಕಾಲ ಮೇಲೆ ಬೀಳುತ್ತಿದ್ದವು. ಆದರೂ ಬಿಡುತ್ತಿರಲಿಲ್ಲ. ಕಿವಿಗೆ ಹಿಡಿದು ಅಲ್ಲಾಡಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ನೀರಿನ ಸದ್ದಾದರೆ ಇನ್ನೂ ಆಗಿಲ್ಲ. ಲೊಡಲೊಡ ಅಂದರೆ ಆಗಿದೆ. ಏನೂ ಅನ್ನದೆ ಭಾರವಾಗಿದ್ದರೆ ಒಳಗೆ ಕೊಳೆತಿದೆ ಅಂತ ಅರ್ಥ, ಅವರ ಮುಖ ಸಣ್ಣಗಾಗುತ್ತಿತ್ತು. ಅಂಥದ್ದನ್ನು ಅಲ್ಲೇ ಒಡೆಸುತ್ತಿದ್ದರು. ಅವರು ಹೇಳಿದ್ದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನನ್ನ ಕೆಲಸ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ನನ್ನದು ಸಿಸ್ಟರ್ ತಿದ್ದಿಸಿದ ದುಂಡಗಿನ ಅಕ್ಷರ. ಬರೆದದ್ದಕ್ಕೆ ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ.

ಒಂದು ಸಲ ಉತ್ತರದ ಕಡೆಯಿಂದ ಖರೀದಿದಾರರು ಬಂದಿದ್ದರು. ಸಾಹುಕಾರರು ಮೇಲಿನ ಕಾಯಿ ತೋರಿಸಿ, ಎಲ್ಲ ರಾಶಿಯೂ ಹೀಗೇ ಅಂತ ಮಾತು ಮುಗಿಸುತ್ತಿದ್ದರು. ಅಟ್ಟದಮ್ಮ ಏಣಿ ಇಳಿದು ಬಂದು ಅವರ ಎದುರಿಗೇ ನಿಂತರು.

“ಪಡುವಲ ಗೋಡೆ ಪಕ್ಕದ್ದು ಆಗಿಲ್ಲ. ತಳದಾಗೆ ಕೊಳೆತೈತೆ. ನಂಬದಿದ್ರೆ ಒಡ್ಸಿ ನೋಡ್ಲಿ.”

ಸಾಹುಕಾರರು ಹಲ್ಲು ಕಚ್ಚಿಕೊಂಡೇ, ಅಕ್ಕಾ, ನೀನು ಮೇಲ್ಹೋಗು ಅಂದರು. ಅವರು ಹೋಗಲಿಲ್ಲ. ತಂದಿಟ್ಟವರು ನನ್ನ ಮುಖ ನೋಡಿ ಇಟ್ಟವ್ರೆ, ಸುಳ್ಳು ಹೇಳಿ ಮಾರಕ್ಕಾಗಲ್ಲ ಅಂದರು. ಒಡೆಸಿದಾಗ ತಳದ ಕಾಯಿ ಕೊಳೆತೇ ಇತ್ತು. ಉಳಿದ ರಾಶಿಗಳನ್ನು ಖರೀದಿದಾರರು ಮರುಮಾತಿಲ್ಲದೆ ಒಪ್ಪಿಕೊಂಡರು. ಆದರೆ ಸಾಹುಕಾರರು ಅಕ್ಕನ ಜೊತೆ ಎಷ್ಟೋ ದಿನ ಮಾತಾಡಲಿಲ್ಲ.

ಅದಾದ ಮೇಲೆಯೇ ಇರಬೇಕು... ಮಂಡಿಯಲ್ಲಿ ಒಂದು ಫೋಟೋ ತೆಗೆಸಿದರು. ಸಾಹುಕಾರರು, ಅವರ ಪಾಲುದಾರರು, ತೂಕದವರು, ಎಲ್ಲರೂ ಸಾಲಾಗಿ ನಿಂತದ್ದು. ಅಟ್ಟದಮ್ಮನೂ ಒಂದು ತುದಿಯಲ್ಲಿ ನಿಂತಿದ್ದರು, ಏಣಿಯ ಪಕ್ಕ. ಕೆಳಗೆ ಹೆಸರು ಬರೆಯಲು ನನ್ನನ್ನೇ ಕರೆದರು. ಸಾಹುಕಾರರು ಒಂದೊಂದೇ ಹೆಸರು ಹೇಳಿದರು, ನಾನು ನಾಲಿಗೆ ಕಚ್ಚಿಕೊಂಡು ಬರೆದೆ. ತುದಿಗೆ ಬಂದಾಗ, ಸಾಕು ಬಿಡು ಪುಟ್ಟಿ ಅಂದರು. ನಾನು ಪೆನ್ನಿನ ಮುಚ್ಚಳ ಹಾಕಿದೆ.

ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ದಿನ ಅಟ್ಟದಮ್ಮ ನನ್ನನ್ನು ಕರೆದುಕೊಂಡು ಹೋಗಿ ಅದರ ಮುಂದೆ ನಿಲ್ಲಿಸಿದರು. ಸೆರಗಿನಿಂದ ಗಾಜು ಒರೆಸಿ, “ನನ್ ಹೆಸ್ರೆಲ್ಲೈತೆ, ತೋರ್ಸವ್ವಾ” ಅಂದರು.

ಯಾರ ಮನಸ್ಸನ್ನೂ ನೋಯಿಸಬಾರದು ಅಂತ ಸ್ಕೂಲಿನಲ್ಲಿ ದಿನಾ ಹೇಳಿಕೊಟ್ಟಿದ್ದರು. ನಾನು ಯಾರದೋ ಹೆಸರಿನ ಕೆಳಗೆ ಬೆರಳಿಟ್ಟು, ಇಲ್ಲೇ ಇದೆಯಲ್ಲಮ್ಮ, ಸ್ವಲ್ಪ ಸಣ್ಣದಾಗಿದೆ ಅಷ್ಟೆ ಅಂದೆ. ಅವರು ಅಷ್ಟು ಜಾಗವನ್ನು ಬೆರಳಿನಿಂದ ಸವರಿದರು... ಆ ಬೆರಳಿನ ಉಗುರಿನಲ್ಲಿ ತೆಂಗಿನ ನಾರು ಸಿಕ್ಕಿಕೊಂಡಿದ್ದದ್ದೂ ನೆನಪಿದೆ.

ಮುಂದಿನ ಶನಿವಾರ ಅಟ್ಟ ಹತ್ತಿದೆ. ಅವರು ರಾಶಿಗಳನ್ನು ನೋಡಿ ಮುಗಿಸಿದರು, ನಾನು ಬರೆದೆ, ಕೊಬ್ಬರಿ ಬೆಲ್ಲ ಕೊಟ್ಟರು. ಆಮೇಲೆ ಮೆಲ್ಲಗೆ ಹೇಳಿದರು.

“ನಿನ್ನ ಕೇಳ್ದೆ. ಪೋಸ್ಟಿನವರ ಕೇಳ್ದೆ. ಸ್ಕೂಲ್ ಮೇಷ್ಟ್ರ ಕೇಳ್ದೆ. ಮೂರು ಕಡೆಯಿಂದ್ಲೂ ತೆಗೆದು ನೋಡ್ದೆ ಕಣವ್ವ. ಎಲ್ಲೂ ಇಲ್ಲ.”

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಬೆಲ್ಲ ಬಾಯಲ್ಲಿಟ್ಟುಕೊಂಡು ಅಗಿಯಲಾರದೆ ಕೂತಿದ್ದೆ.

ಮಂಡಿ ಮುಚ್ಚಿದ ಮೇಲೆ ಅವರು ಬಸ್ತಿಹಳ್ಳಿಗೆ ವಾಪಸು ಹೋದರಂತೆ. ನನ್ನ ಮದುವೆಯಾಗಿ, ಅದೂ ಇದೂ... ತೀರಿಕೊಂಡ ಸುದ್ದಿ ತಿಳಿದಾಗ ಎಷ್ಟೋ ತಿಂಗಳಾಗಿತ್ತು. ಹಳೇಬೀಡಿಗೆ ನೆಂಟರನ್ನು ಕರೆದುಕೊಂಡು ಎಷ್ಟು ಸಲ ಹೋಗಿಲ್ಲ. ಎರಡು ಹೆಜ್ಜೆ ಆಚೆ ಬಸ್ತಿಹಳ್ಳಿ. ಒಂದು ಸಲವೂ ಅವರ ಮನೆ ಹುಡುಕಲಿಲ್ಲ.

ಮೈದುನನ ಕಂಪನಿಯ ಸಭೆಗೆ ಮೊದಲ ಸಲ ನನ್ನನ್ನು ಕರೆದದ್ದು ಬರೀ ಹೆಸರಿಗೆ. ಕಾಫಿ ಕುಡಿದು ಬರೋಣ ಅಂತ ಹೋಗಿದ್ದೆ. ಪರದೆಯ ಮೇಲೆ ಎಲ್ಲ ಕಡೆ ಹಸಿರು ಗುರುತು ತೋರಿಸಿ, ಎಲ್ಲ ಭದ್ರವಾಗಿದೆ ಅಂದರು. ತೆಗೆದು ನೋಡಿದ್ದೀರಾ ಅಂತ ಕೇಳಿದೆ. ಜೊತೆಗಾರ ಹುಡುಗ ನಗುತ್ತ, ಆಂಟಿ, ಹಸಿರಿದ್ರೆ ಸರಿಯಿದೆ ಅಂತಾನೇ ಅರ್ಥ ಅಂದ. ಇರಲಿ, ತಳದಿಂದ ಒಂದು ತೆಗೆಯಪ್ಪ ಅಂದೆ. ಬೇಲೂರಿನ ಒಂದು ಸ್ಟುಡಿಯೋದವರ ಹಳೆಯ ಮದುವೆ ಫೋಟೋ ತೆರೆದರು. ಮದುಮಗಳ ಹಣೆಯ ಬಾಸಿಂಗ ಚೆನ್ನಾಗಿತ್ತು, ಮೂಗಿನಿಂದ ಕೆಳಗೆ ಬರೀ ಬೂದು ಪಟ್ಟೆ. ಮೈದುನ ಆಗಲೇ ಸ್ಟುಡಿಯೋಗೆ ಫೋನು ಮಾಡಿದ. ಸ್ಟುಡಿಯೋದವರ ಹತ್ತಿರ ಹಳೆಯ ಡಿಸ್ಕುಗಳು ಉಳಿದಿದ್ದವು, ಎಲ್ಲವನ್ನೂ ಮತ್ತೆ ತುಂಬಿಕೊಂಡರು. ಅಂದಿನಿಂದ ಪ್ರತಿ ಶನಿವಾರ, ಪ್ರತಿಯೊಬ್ಬರು ಇಟ್ಟದ್ದರಲ್ಲೂ ಮೂರು ಕಡೆಯಿಂದ ತೆಗೆದು ನೋಡುತ್ತಾರೆ. ಆಫೀಸಿನಲ್ಲಿ ಅದಕ್ಕೆ ‘ಅತ್ತಿಗೆ ಟೆಸ್ಟ್’ ಅಂತ ಹೆಸರು. ನಾನೂ ಅದನ್ನು ಕೇಳಿ ಉಬ್ಬಿದ್ದೆ. ಅದು ನನ್ನದಲ್ಲ ಅಂತ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

ಹನ್ನೊಂದರ ಹೊತ್ತಿಗೆ ಮೈದುನನೇ ಮನೆಗೆ ಬಂದ. ಅಷ್ಟರಲ್ಲಿ ನಾನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೆ. ನನ್ನದು ಎರಡೇ ಸಾಲು: ಗೃಹಿಣಿ, ಅರಸೀಕೆರೆ. ಚಿಕ್ಕಂದಿನಲ್ಲಿ ಕೊಬ್ಬರಿ ಅಟ್ಟದಲ್ಲಿ ಸೀಮೆಸುಣ್ಣ ಹಿಡಿದು ಲೆಕ್ಕ ಬರೆದವಳು. ಅದರ ಕೆಳಗೆ ಇನ್ನೊಂದು ಸಾಲು: ನಮ್ಮ ಪರೀಕ್ಷೆಯ ಪದ್ಧತಿ ಇವರದು. ಆಮೇಲೆ ಅಟ್ಟದಮ್ಮನ ನಿಜವಾದ ಹೆಸರು, ಊರು ಬಸ್ತಿಹಳ್ಳಿ.

ಮೈದುನ ಎರಡು ಸಲ ಓದಿದ. ಕೆಟ್ಟವನಲ್ಲ ಅವನು, ಹೆದರಿದ್ದ. “ಅತ್ತಿಗೆ, ಅವರು ಡಿಗ್ರಿ ನೋಡ್ತಾರೆ. ಗೃಹಿಣಿ ಅಂದ್ರೆ, ಇವರ್ಯಾಕೆ ಇಲ್ಲಿದ್ದಾರೆ ಅಂತ ಕೇಳ್ತಾರೆ. ನಿಮ್ಮ ಜಾಗಕ್ಕೆ ಬೇರೆಯವರನ್ನ ತಗೊಳ್ಳಿ ಅನ್ನಬಹುದು.”

“ಕೇಳ್ಲಿ. ಯಾಕೆ ಅಂತ ನಾನೇ ಹೇಳ್ತೀನಿ, ಸೋಮವಾರ ಬಂದು ಕೂತಿರ್ತೀನಿ.”

ಸತ್ತುಹೋದವರ ಹೆಸರು ಯಾಕೆ, ಅವರಿಗೂ ಕಂಪ್ಯೂಟರಿಗೂ ಏನು ಸಂಬಂಧ ಅಂದ. ಬೇಲೂರಿನ ಮದುಮಗಳ ಮುಖ ಉಳಿದದ್ದೇ ಸಂಬಂಧ ಅಂದೆ. ಇಷ್ಟು ಬಂಡವಾಳ ಕೈತಪ್ಪಿದರೆ ಅಂದ. ಇಟ್ಟದ್ದನ್ನು ನಿಜ ಹೇಳಿ ಕಾಯುತ್ತೇವೆ ಅಂತ ತಾನೇ ಜನರ ಹತ್ತಿರ ಹೇಳುತ್ತೀರಿ, ನಿಮ್ಮದೇ ಪುಟದಲ್ಲಿ ಸುಳ್ಳಿಟ್ಟರೆ ಹೇಗೆ ಅಂದೆ. ಈ ಸಾಲು ಹಾಕುವುದಾದರೆ ನನ್ನ ಹೆಸರು ಇರಲಿ, ಇಲ್ಲದಿದ್ದರೆ ಪುಟದಲ್ಲಿ ಅದೂ ಬೇಡ, ಆದರೆ ನನ್ನನ್ನು ಕಂಪನಿಯಿಂದ ತೆಗೆಯುವ ಕಾಗದ ತಂದರೆ ನಾನು ಸಹಿ ಹಾಕುವುದಿಲ್ಲ ಅಂದೆ. ಒಬ್ಬಟ್ಟಿನ ಕೈಯಲ್ಲಿ ಸಹಿ ಹಾಕಿದ ಕಾಲ ಮುಗಿಯಿತು. ಇಷ್ಟು ಮಾತು ನಾನು ಈ ಮನೆಯಲ್ಲಿ ಒಟ್ಟಿಗೆ ಆಡಿದ್ದು ಅದೇ ಮೊದಲು. ಧ್ವನಿ ಏರಿರಲಿಲ್ಲ. ಅವನು ಹಾಳೆ ಮಡಿಚಿ ಜೇಬಿಗಿಟ್ಟುಕೊಂಡು, ಕಾಫಿಯನ್ನೂ ಕುಡಿಯದೆ ಹೋದ.

ಐದು ಗಂಟೆಗೆ ಪುಟ ಬಂತು. ಏಳು ಸಾಲು ಹೋಗಿ, ನಾನು ಬರೆದುಕೊಟ್ಟದ್ದೇ ಇತ್ತು. ಜೊತೆಗಾರ ಹುಡುಗನ ಪರಿಚಯದಿಂದಲೂ ಆ ಒಂದು ಸಾಲು ಹೋಗಿತ್ತು, ಅವನೇ ತೆಗೆಸಿದನಂತೆ. ಸೋಮವಾರ ಏನಾಗುತ್ತದೋ ಗೊತ್ತಿಲ್ಲ. ಆಗಲಿ.

ಆ ಹೆಸರನ್ನು ಇಲ್ಲಿ ನಾನು ಬರೆಯುವುದಿಲ್ಲ. ಎಲ್ಲಿ ಇರಬೇಕಿತ್ತೋ ಅಲ್ಲಿ ಬರೆದಾಗಿದೆ. ಸವರಿ ನೋಡಲು ಆ ಬೆರಳಿಲ್ಲ, ಅದಕ್ಕೆ ನಾನು ಮಾಡಬಹುದಾದದ್ದು ಏನೂ ಇಲ್ಲ. ಆದರೂ ಅವರ ಪದ್ಧತಿ ಬಿಡಬಾರದು ಅನ್ನಿಸಿತು. ಯಜಮಾನರಿಗೆ ಫೋನು ಕೊಟ್ಟು ಓದಿಸಿದೆ. ಆಫೀಸಿನ ಹುಡುಗಿಗೆ ಫೋನು ಮಾಡಿ, ನಿನಗೆ ಕಂಡದ್ದನ್ನು ಓದಮ್ಮ ಅಂದೆ. ಇಬ್ಬರೂ ಓದಿದರು. ಮೂರನೆಯವರು ಪಕ್ಕದ ಮನೆಯವರು, ಕರಿಬೇವು ಕೇಳಿಕೊಂಡು ಕಾಂಪೌಂಡಿನ ಹತ್ತಿರ ಬಂದಿದ್ದರು. ಯಾರು ಏನು ಅಂತ ಹೇಳದೆ ಫೋನು ಅವರ ಕೈಗಿತ್ತೆ, ಕೊನೆಯಲ್ಲಿ ಒಂದು ಹೆಸರು ಇದೆಯಾ, ಏನದು ನೋಡ್ರೀ ಅಂದೆ. ಅವರು ಫೋನನ್ನು ದೂರ ಹಿಡಿದು, ಹತ್ತಿರ ತಂದು, ಕಣ್ಣು ಕಿರಿದು ಮಾಡಿ, ಅಟ್ಟದಮ್ಮನ ಹೆಸರನ್ನು ತಪ್ಪಿಲ್ಲದೆ ಗಟ್ಟಿಯಾಗಿ ಓದಿದರು. ಆಮೇಲೆ ಕರಿಬೇವಿನ ಕಡ್ಡಿ ಮುರಿಯುತ್ತ,

“ಐತೆ ಕಣ್ರೀ. ಆದ್ರೂ ಇಷ್ಟು ಸಣ್ಣಕ್ಕೆ ಯಾಕ್ ಹಾಕವ್ರೆ, ಇನ್ನೊಂಚೂರು ದಪ್ಪಕ್ಕೆ ಹಾಕ್ಸಿ” ಅಂದರು.