ವಾರಗಿತ್ತಿಯ ಜೊತೆ ಮೆನೋರ್ಕಾದ ಕಡಲಿಗೆ

ಜೂನ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ನಾನು ಮತ್ತು ನನ್ನ ವಾರಗಿತ್ತಿ ವಸುಧಕ್ಕ ಡಬ್ಲಿನ್ ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತಿದ್ದೆವು. ಹೊರಗೆ ಜಿಟಿಜಿಟಿ ಮಳೆ, ಹನ್ನೊಂದು ಡಿಗ್ರಿ ಚಳಿ. ನಮ್ಮ ಮನೆ ಸ್ಯಾಂಟ್ರಿಯಲ್ಲಿ. ದಿನವಿಡೀ ತಲೆಯ ಮೇಲೆ ವಿಮಾನ ಹಾರುವ ಜಾಗ. ನಿಲ್ದಾಣಕ್ಕೆ ಬಸ್ಸಿನಲ್ಲಿ ಕಾಲು ಗಂಟೆ ಸಾಕು. ವಸುಧಕ್ಕ ಹಿಂದಿನ ದಿನವೇ ವಾಟರ್‌ಫರ್ಡ್‌ನಿಂದ ಬಂದು ನಮ್ಮಲ್ಲಿ ಉಳಿದಿದ್ದರು.

ವಸುಧಕ್ಕ ಎಂದರೆ ನನ್ನ ಗಂಡ ಪ್ರಶಾಂತನ ಅಣ್ಣನ ಹೆಂಡತಿ. ವಾಟರ್‌ಫರ್ಡ್‌ನ ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ನಾನು ಈ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷವಾದರೂ ನಮ್ಮಿಬ್ಬರ ಮಾತು ಹಬ್ಬದ ಊಟದ ಆಚೆಗೆ ಬೆಳೆದಿರಲಿಲ್ಲ. ಅವರದು ಯಾವಾಗಲೂ ತುಂಬುತೋಳಿನ ರವಿಕೆ, ಅಳೆದು ತೂಗಿದ ಮಾತು. ಹೀಗಿರುವಾಗ ಮೇ ತಿಂಗಳಲ್ಲಿ ಅವರೇ ಫೋನ್ ಮಾಡಿ, "ಗೀತಾ, ಐದು ದಿನ ರಜ ಸಿಕ್ಕೈತೆ. ಎಲ್ಲಾದ್ರೂ ಕಡಲಿಗೆ ಹೋಗೋಣ, ಬರ್ತೀಯಾ? ಗಂಡಸರು ಬೇಡ," ಎಂದಾಗ ನನಗೆ ಅಚ್ಚರಿಯಾಯಿತು. ನನ್ನ ಕೈಗೆ ಐರಿಶ್ ಪಾಸ್‌ಪೋರ್ಟ್ ಆಗಷ್ಟೇ ಬಂದಿತ್ತು. ಯುರೋಪಿನ ವೀಸಾಕ್ಕಾಗಿ ಅಲೆಯುವ ಕೆಲಸ ಇನ್ನಿರಲಿಲ್ಲ. ಆಗಲಿ ಎಂದೆ. ಜಾಗ ಆರಿಸಿದ್ದು ನಾನು, ಷರತ್ತು ಹಾಕಿದ್ದು ಅವರು: "ಜನ ಇಲ್ಲದ ಬೀಚ್ ಆಗ್ಬೇಕು. ಸಾಲಾಗಿ ಛತ್ರಿ ನೆಟ್ಟಿರೋ ಕಡೆ ಬೇಡ."

ಹುಡುಕಾಡಿ ಮೆನೋರ್ಕಾ ಎಂದು ತೀರ್ಮಾನಿಸಿದೆ. ಮೆಡಿಟರೇನಿಯನ್ ಕಡಲಲ್ಲಿ ಸ್ಪೇನ್ ದೇಶಕ್ಕೆ ಸೇರಿದ ಪುಟ್ಟ ದ್ವೀಪ ಅದು. ಈ ತುದಿಯ ಮಾಹೋನ್ ಊರಿನಿಂದ ಆ ತುದಿಯ ಸ್ಯೂತಡೆಯಾಕ್ಕೆ ನಲವತ್ತೈದು ಕಿಲೋಮೀಟರ್, ಅಷ್ಟೇ. ಸುತ್ತ ಅಂಚಿನಲ್ಲಿ ನೂರಾರು ಸಣ್ಣ ಕೊಲ್ಲಿಗಳು. ಅಲ್ಲಿಯವರು 'ಕಾಲಾ' ಎನ್ನುತ್ತಾರೆ. ಎಷ್ಟೋ ಕೊಲ್ಲಿಗಳಿಗೆ ನಡೆದೇ ಹೋಗಬೇಕು. ನಡೆಯಬೇಕಾದ ಕಡೆ ಜನ ಕಡಿಮೆ ಎಂಬುದು ನನ್ನ ಲೆಕ್ಕಾಚಾರ.

ಮೂರು ಗಂಟೆಯೊಳಗೆ ಮಾಹೋನ್‌ನಲ್ಲಿ ಇಳಿದೆವು. ಬಾಗಿಲು ತೆರೆದದ್ದೇ ಒಣ ಬಿಸಿಲು ಮುಖಕ್ಕೆ ಬಡಿಯಿತು. ಬಾಡಿಗೆ ಕಾರು ಹಿಡಿದೆವು. ಐರ್ಲೆಂಡಿನಲ್ಲಿ ನಮ್ಮ ಊರಿನ ಹಾಗೆ ರಸ್ತೆಯ ಎಡಗಡೆ ಓಡಿಸುತ್ತೇವೆ, ಇಲ್ಲಿ ಬಲಗಡೆ. ವಸುಧಕ್ಕ ಸ್ಟಿಯರಿಂಗ್ ಹಿಡಿದರು. ಪಕ್ಕದಲ್ಲಿ ಕೂತು "ಬಲಗಡೆ, ಅಕ್ಕ, ಬಲಗಡೆ" ಎಂದು ಜಪಿಸುವುದು ನನ್ನ ಕೆಲಸ. ದಾರಿಯ ಎರಡೂ ಕಡೆ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆಗಳು, ಅವುಗಳ ಹಿಂದೆ ಹಸುಗಳು. ಹುಲ್ಲು ಒಣಗಿರದಿದ್ದರೆ ಐರ್ಲೆಂಡಿನ ಪಶ್ಚಿಮ ಕರಾವಳಿಯೇ ಎನ್ನಬಹುದಿತ್ತು. ದ್ವೀಪದ ನಡುವಿನ ಫೆರೇರಿಯೆಸ್ ಎಂಬ ಊರಿನಲ್ಲಿ ಸಣ್ಣ ಮನೆಯೊಂದನ್ನು ಹಿಡಿದಿದ್ದೆವು. ಅಲ್ಲಿಂದ ಉತ್ತರದ ಕಡಲೂ ದಕ್ಷಿಣದ ಕಡಲೂ ಕಾರಿನಲ್ಲಿ ಅರ್ಧ ಗಂಟೆಯೊಳಗೆ. ಆ ಸಂಜೆ ಟೊಮೆಟೊ ಉಜ್ಜಿ ಎಣ್ಣೆ ಸುರಿದ ಬ್ರೆಡ್ಡು, ಊರಿನ ಗಟ್ಟಿ ಚೀಸು, ಮೇಲೆ ವಸುಧಕ್ಕ ತಂದಿದ್ದ ಶೇಂಗಾ ಚಟ್ನಿಪುಡಿ. ಹೊಟ್ಟೆ ತುಂಬ ತಿಂದೆವು.

ಮರುದಿನ ಉತ್ತರದ ಕಾಲಾ ಪ್ರೆಗೊಂಡಾಕ್ಕೆ ಹೋದೆವು. ಕಾರು ನಿಲ್ಲಿಸಿ ಕೆಂಪು ಮಣ್ಣಿನ ದಾರಿಯಲ್ಲಿ ಅರ್ಧ ಗಂಟೆ ನಡಿಗೆ. ಮರವಿಲ್ಲ, ನೆರಳಿಲ್ಲ. ಗುಡ್ಡ ಇಳಿದಾಗ ಕಂಡದ್ದು ಕೇಸರಿ ಬಣ್ಣದ ಮರಳು, ಅದೇ ಬಣ್ಣದ ಬಂಡೆಗಳು, ನಡುವೆ ಗಾಜಿನಂಥ ನೀರು. ದಡದಲ್ಲಿ ಕಂದು ಬಣ್ಣದ ಒಣ ಕಡಲಹುಲ್ಲು ರಾಶಿ ಬಿದ್ದಿತ್ತು. ಯಾರೂ ಗುಡಿಸಿಲ್ಲವಲ್ಲ ಎಂದುಕೊಂಡೆ. ಅಲೆಗಳು ಮರಳನ್ನು ಎಳೆದೊಯ್ಯದಂತೆ ಅದನ್ನು ಬೇಕೆಂದೇ ಬಿಡುತ್ತಾರೆ ಎಂದು ಅಲ್ಲಿದ್ದ ಫಲಕ ಹೇಳಿತು. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತು ಬಂದೆ. ನನಗೆ ಈಜು ಬರುವುದಿಲ್ಲ. ವಸುಧಕ್ಕ ಮಾತ್ರ ತುಂಬುತೋಳಿನ ಅಂಗಿ, ಅಗಲ ಟೊಪ್ಪಿಗೆ ಹಾಕಿ ಬಂಡೆಯ ನೆರಳಿನಲ್ಲೇ ಕೂತರು. ಹತ್ತು ಹನ್ನೆರಡು ಜನ ಬಂದು ಟವೆಲ್ ಹಾಸುತ್ತಿದ್ದಂತೆ, "ಸಾಕು, ಹೋಗೋಣ," ಎಂದು ಎದ್ದರು. ಕಡಲಿಗೆಂದು ಇಷ್ಟು ದೂರ ಬಂದು ಕಾಲನ್ನೂ ತೋಯಿಸದವರನ್ನು ನಾನು ಅಂದೇ ಮೊದಲು ಕಂಡದ್ದು.

ಮೂರನೆಯ ದಿನ ಅವರೇ ಬೇಗ ಎಬ್ಬಿಸಿದರು. "ಇನ್ನೂ ದೂರದ್ದು ಯಾವುದು?" ಎಂದು ಕೇಳಿದರು. ಕಾಲಾ ಪಿಲಾರ್ ಎಂದೆ. ಓಕ್ ಮರಗಳ ಕಾಡಿನೊಳಗೆ ಸಾಗುವ ದಾರಿ, ಕೊನೆಯಲ್ಲಿ ಕಡಿದಾದ ಇಳಿಜಾರು. ಅಂಗಡಿಯಿಲ್ಲ, ಛತ್ರಿಯಿಲ್ಲ. ಉದ್ದನೆಯ ಕೆಂಪು ಮರಳಿನ ಆ ತುದಿಯಲ್ಲಿ ಒಂದು ಜೋಡಿ ಮಲಗಿತ್ತು; ಈ ತುದಿಯಲ್ಲಿ ನಾವು. ಮಂಡಕ್ಕಿಯ ಡಬ್ಬ ತೆರೆಯುತ್ತಿದ್ದೆ.

"ಗೀತಾ, ಅದನ್ನ ಆಮೇಲೆ ತೆಗಿ. ನಿನಗೊಂದು ತೋರಿಸ್ಬೇಕು," ಎಂದು ವಸುಧಕ್ಕ ಅಂಗಿಯ ಗುಂಡಿ ಬಿಚ್ಚಿದರು. ಒಳಗೆ ಕಪ್ಪು ಈಜುಡುಗೆ ಇತ್ತು. ಭುಜ, ತೋಳು, ಕತ್ತಿನ ಕೆಳಗೆ, ಎಲ್ಲೆಲ್ಲೂ ಬಿಳಿಯ ದೊಡ್ಡ ದೊಡ್ಡ ಕಲೆಗಳು. ತೊನ್ನು.

ನನ್ನ ಮನಸ್ಸು ಮೊದಲು ಓಡಿದ್ದು ನನ್ನ ಮಗಳು ಅನ್ವಿಯ ಕಡೆಗೆ. ವಸುಧಕ್ಕ ಹೊರಗಿನಿಂದ ಬಂದ ಸೊಸೆ, ರಕ್ತಸಂಬಂಧವಲ್ಲ, ಅವಳಿಗೆ ಬರಲಾರದು. ಆ ಲೆಕ್ಕ ಮುಗಿದ ಮೇಲೆಯೇ ಅವರ ಮುಖ ನೋಡಿದೆ. ಅದು ಮುಗಿಯಲೆಂದೇ ಅವರು ಕಾಯುತ್ತಿದ್ದ ಹಾಗಿತ್ತು.

"ಹತ್ತೊಂಬತ್ತನೇ ವಯಸ್ಸಲ್ಲಿ ಶುರುವಾಯ್ತು," ಎಂದರು. "ಮದುವೆಗೆ ಮುಂಚೆನೇ ನಿಮ್ಮ ಭಾವನಿಗೆ ಹೇಳಿದ್ದೆ. ಅವರು ಒಪ್ಕೊಂಡ್ರು, ಆದ್ರೆ ಮನೇಲಿ ಹೇಳೋದು ಬೇಡ ಅಂದ್ರು. ಬಟ್ಟೆಯೊಳಗೆ ಇರೋ ತನಕ ಮುಚ್ಚಿದ್ದಾಯ್ತು. ಆಸ್ಪತ್ರೇಲಿ ಮೊಣಕೈ ತನಕ ತೋಳು ಬಿಟ್ಕೊಂಡೇ ಇರ್ಬೇಕು. ಈ ಚಳಿಗಾಲ ಇದು ಮೊಣಕೈ ದಾಟ್ತು ನೋಡು." ಎಡಗೈ ಮುಂದೆ ಚಾಚಿದರು. ಮೊಣಕೈ ಕೆಳಗೆ ಬೆರಳಗಲದ ಹೊಸ ಕಲೆ.

"ಆಸ್ಪತ್ರೇಲಿ ಏನಾದ್ರೂ ಅಂದ್ರಾ?"

"ಅವರಾ? ಒಬ್ಬ ನರ್ಸ್ ಸನ್‌ಕ್ರೀಮ್ ಹಚ್ಕೊಳ್ಳಿ ಅಂದ್ಲು, ಅಷ್ಟೇ. ನನಗೆ ಭಯ ಇರೋದು ನಮ್ಮವರದ್ದು. ಉಗಾದಿ ಊಟಕ್ಕೆ ನಾನು ಬಡಿಸಿದ್ರೆ ತಿಂತಾರೋ ಇಲ್ವೋ ಅನ್ನೋದು."

ಮಂಡಕ್ಕಿಯ ಡಬ್ಬ ಅವರ ಕೈಗೆ ಕೊಟ್ಟು, "ಬಡಿಸಿ," ಎಂದೆ. ಅವರು ನಕ್ಕರು. ಕಣ್ಣಲ್ಲಿ ನೀರೂ ಬಂತು. ಒಂದು ಹಿಡಿ ನನ್ನ ಅಂಗೈಗೆ ಹಾಕಿ, ಮೈಗೆಲ್ಲ ದಪ್ಪಗೆ ಸನ್‌ಕ್ರೀಮ್ ಹಚ್ಚಿಸಿಕೊಂಡು ನೀರಿಗೆ ಇಳಿದರು. ಆ ಕಲೆಗಳಿಗೆ ಬಿಸಿಲು ಬೇಗ ಸುಡುತ್ತದಂತೆ.

ಹಾಗೆ ಈಜುತ್ತಾರೆಂದು ನಾನು ಊಹಿಸಿರಲಿಲ್ಲ. ಹರಿಹರದ ಕಡೆಯ ಅಜ್ಜನ ತೋಟದ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು ಗಂಡುಹುಡುಗರ ಜೊತೆ ಕಲಿತದ್ದಂತೆ. ಕಲೆ ಕಂಡ ಮೇಲೆ ಬಿಟ್ಟವರು ಮತ್ತೆ ನೀರಿಗೆ ಇಳಿದದ್ದು ಅಂದೇ. ಮೊದಲು ಎರಡು ಸಲ ಉಪ್ಪುನೀರು ಕುಡಿದು ಕೆಮ್ಮಿದರು. ಆಮೇಲೆ ಬಂಡೆಯ ತನಕ ಹೋಗಿ ಬಂದರು, ಮತ್ತೆ ಹೋದರು. ಕೊನೆಗೆ ನನ್ನನ್ನೂ ಎಳೆದುಕೊಂಡು, ಬೆನ್ನ ಕೆಳಗೆ ಕೈಕೊಟ್ಟು ತೇಲಿಸಿದರು. "ಕತ್ತು ಬಿಗಿ ಹಿಡೀಬೇಡ. ತಲೆ ಹಿಂದಕ್ಕೆ ಬಿಡು. ಆಪರೇಷನ್‌ಗೆ ಮಲಗಿಸೋರಿಗೂ ಇದನ್ನೇ ಹೇಳ್ತೀನಿ." ಅವರು ಯಾವಾಗ ಕೈ ತೆಗೆದರೋ ತಿಳಿಯಲಿಲ್ಲ. ಕಿವಿಯೊಳಗೆ ನೀರು, ಕಣ್ಣ ಮುಂದೆ ಬರೀ ಆಕಾಶ. ನಾನು ತೇಲುತ್ತಿದ್ದೆ.

ನಾಲ್ಕನೆಯ ದಿನ ದಕ್ಷಿಣ ಕಡಲಿನ ಟ್ರೆಬಲೂಗರ್ ಕೊಲ್ಲಿಗೆ ಹೊರಟೆವು. ಗಲ್ಡಾನಾದಲ್ಲಿ ಕಾರು ಬಿಟ್ಟು ಪೈನ್ ಮರಗಳ ನಡುವೆ ನಡೆದರೆ ಮೊದಲು ಕಾಲಾ ಮಿತ್ಜಾನಾ ಸಿಗುತ್ತದೆ. ಚೆಂದದ ಜಾಗ, ಆದರೆ ಬೆಳಿಗ್ಗೆಯೇ ತುಂಬಿತ್ತು. ಇನ್ನೂ ಮುಕ್ಕಾಲು ಗಂಟೆ ಹತ್ತಿ ಇಳಿದಾಗ ಟ್ರೆಬಲೂಗರ್. ಎರಡು ಕಡೆ ಬಿಳಿಯ ಸುಣ್ಣಕಲ್ಲಿನ ಬಂಡೆಗಳು, ನಡುವೆ ಹಿಟ್ಟಿನಂಥ ಮರಳು, ಹಿಂದಿನ ಕಣಿವೆಯಿಂದ ನಿಧಾನಕ್ಕೆ ಬರುವ ಹಸಿರು ಹೊಳೆ. ಒಬ್ಬರೂ ಇರಲಿಲ್ಲ. ವಸುಧಕ್ಕ ಅಂಗಿಯನ್ನು ಮರಳ ಮೇಲೆ ಎಸೆದು ದೂರ ಈಜಿ ಹೋದರು. ನಾನು ಬಂಡೆಗಳ ಬದಿಯಲ್ಲಿ ನೀರು ತುಳಿಯುತ್ತಾ ಹೋಗಿ ಸೀ ಅರ್ಚಿನ್ ಮೇಲೆ ಕಾಲಿಟ್ಟೆ. ಮೈಯೆಲ್ಲ ಕಪ್ಪು ಮುಳ್ಳಿರುವ, ನಿಂಬೆಹಣ್ಣಿನ ಗಾತ್ರದ ಕಡಲ ಜೀವಿ ಅದು. ಹತ್ತಾರು ಮುಳ್ಳು ಅಂಗಾಲಿನೊಳಗೆ ಮುರಿದುಕೊಂಡವು. ಬೆಟ್ಟ ಬಿರಿಯುವ ಹಾಗೆ ಕೂಗಿದೆ.

ಅದೇ ಹೊತ್ತಿಗೆ ಬಂಡೆಯ ಮರೆಯಿಂದ ಪ್ರವಾಸಿಗರನ್ನು ತುಂಬಿಕೊಂಡ ದೋಣಿಯೊಂದು ಕೊಲ್ಲಿಯೊಳಗೆ ಬಂತು. ವಸುಧಕ್ಕ ಅದನ್ನು ನೋಡಿ ನೀರಿನಲ್ಲೇ ಒಂದು ಗಳಿಗೆ ನಿಂತರು. ಮತ್ತೆ ನನ್ನ ಕಡೆ ತಿರುಗಿ, ತಲೆ ಎತ್ತದೆ ನೇರ ಈಜಿ ಬಂದರು. ನನ್ನನ್ನು ಎತ್ತಿ ಮರಳಿನ ಮೇಲೆ ಕೂರಿಸಿದರು. ಅವರ ಅಂಗಿ ಕೊಲ್ಲಿಯ ಆಚೆ ಬದಿಗೆ ಬಿದ್ದಿತ್ತು. ದೋಣಿಯ ಜನ ಒಬ್ಬೊಬ್ಬರಾಗಿ ಇಳಿಯುತ್ತಿದ್ದರು.

"ಅಕ್ಕ, ಅಂಗಿ ತಗೊಂಡು ಬನ್ನಿ, ನಾನು ಕಾಯ್ತೀನಿ," ಎಂದೆ.

"ಸುಮ್ನಿರು. ಕಾಲು ಅಲ್ಲಾಡಿಸ್ಬೇಡ. ಒಂದು ಸೂಜಿ ಇದ್ದಿದ್ರೆ…"

"ಸೂಜಿ ಬೇಕೇನಮ್ಮಾ?" ಎಂದು ಬೆನ್ನ ಹಿಂದೆ ಕನ್ನಡ ಕೇಳಿಸಿತು. ನಾವಿಬ್ಬರೂ ತಿರುಗಿದೆವು. ಹೂವಿನ ಚಿತ್ತಾರದ ಚೂಡಿದಾರವನ್ನು ಮೊಣಕಾಲಿನ ತನಕ ಎತ್ತಿ ಹಿಡಿದ, ಅರುವತ್ತು ದಾಟಿದ ಹೆಂಗಸು. ಬೆಂಗಳೂರಿನಿಂದ ಮಗಳ ಮನೆಗೆ ಬಂದ ಸರೋಜಮ್ಮ ಎಂದು ಆಮೇಲೆ ತಿಳಿಯಿತು. ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ ಬಿಚ್ಚಿ ಕೊಟ್ಟರು. ಹಿಂದೆಯೇ ಅವರ ಮಗಳು ಮಾನಸ ಬಂದಳು. ಲೆಪರ್ಡ್ಸ್‌ಟೌನ್‌ನಲ್ಲಿ, ಡಬ್ಲಿನ್‌ನ ನನ್ನ ಆಫೀಸಿನ ಎದುರು ರಸ್ತೆಯಲ್ಲೇ ಅವಳ ಕೆಲಸವಂತೆ. ಇನ್ನು ಅಲ್ಲಿನ ನಮ್ಮವರಿಗೆಲ್ಲ ಸುದ್ದಿ ಮುಟ್ಟೀತು ಎಂದುಕೊಂಡೆ. ಮುಳ್ಳಿನ ನೋವೇ ಮರೆತುಹೋಯಿತು.

ಸರೋಜಮ್ಮ ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ವಸುಧಕ್ಕ ಪಿನ್ನಿಗೆ ಸ್ಯಾನಿಟೈಸರ್ ಉಜ್ಜಿ ಒಂದೊಂದೇ ಮುಳ್ಳು ತೆಗೆಯತೊಡಗಿದರು. ಸರೋಜಮ್ಮ ಅವರ ಭುಜ ನೋಡಿದರು, ತೋಳು ನೋಡಿದರು.

"ತೊನ್ನಾ?" ಎಂದು ಕೇಳಿಯೇಬಿಟ್ಟರು.

"ಅಮ್ಮಾ!" ಎಂದು ಮಾನಸ ಮರಳು ನೋಡಿದಳು.

"ಹೌದು," ಎಂದರು ವಸುಧಕ್ಕ. ಕೈ ನಿಲ್ಲಲಿಲ್ಲ.

"ನಮ್ಮಕ್ಕನ ಮಗಳಿಗೂ ಐತೆ. ಬಾವಂಚಿ ಎಣ್ಣೆ ಹಚ್ಕೊಂಡು ಎಳೆ ಬಿಸಿಲಿಗೆ ಕೂತ್ಕೋಬೇಕಂತೆ."

"ಹಚ್ಚಿ ನೋಡಿದೀನಮ್ಮ. ಬೊಬ್ಬೆ ಬಂತು."

"ಅವಳಿಗೂ ಹಾಗೇ ಆಯ್ತು," ಎಂದು ಸರೋಜಮ್ಮ ಒಪ್ಪಿದರು. ಆ ಮಾತು ಅಲ್ಲಿಗೇ ಮುಗಿಯಿತು. ಆಮೇಲೆ ಅವರು ಹೇಳಿದ್ದೆಲ್ಲ ದೋಣಿಯಲ್ಲಿ ಕೊಟ್ಟ ಸಪ್ಪೆ ಅನ್ನದ ಬಗ್ಗೆ. ವಸುಧಕ್ಕ ನಮ್ಮ ಮಂಡಕ್ಕಿಯನ್ನು ಅವರ ಅಂಗೈಗೆ ಹಾಕಿದರು. ಅವರು ಬಾಯಿ ತುಂಬ ತಿಂದು, "ಖಾರ ಕಮ್ಮಿ," ಎಂದರು. ಮಾನಸಳೂ ಒಂದು ಹಿಡಿ ಕೇಳಿ ಹಾಕಿಸಿಕೊಂಡಳು. ದೋಣಿಯವನು ಕೂಗಿದಾಗ ಸರೋಜಮ್ಮ ಎದ್ದು ಮರಳು ಕೊಡವಿಕೊಂಡು, "ನೀನು ಈಜೋದನ್ನ ದೋಣಿಯಿಂದಲೇ ನೋಡ್ದೆ ಕಣಮ್ಮ. ಮೀನಿನ ಹಾಗೆ ಬಂದೆ," ಎಂದು ಹೋದರು. ಪಿನ್ನು ಇಲ್ಲೇ ಉಳಿಯಿತು.

ದೋಣಿ ಮರೆಯಾದ ಮೇಲೆ ವಸುಧಕ್ಕ ಆಚೆ ಬದಿಗೆ ಹೋಗಿ ಅಂಗಿ ತಂದರು. "ಗಣೇಶನ ಹಬ್ಬದೊಳಗೆ ಡಬ್ಲಿನ್‌ಗೆಲ್ಲ ಗೊತ್ತಾಗಿರುತ್ತೆ," ಎಂದರು.

"ಮಾನಸ ಹೇಳೋ ಹಾಗೆ ಕಾಣಲ್ಲ, ಅಕ್ಕ."

"ಅವರಮ್ಮ ಹೇಳ್ತಾರೆ," ಎಂದು ಜೋರಾಗಿ ನಕ್ಕರು. ನಗು ನಿಂತ ಮೇಲೆ, "ಪ್ರಶಾಂತನಿಗೆ ಹೊರಗಿನವರ ಬಾಯಿಂದ ತಿಳಿಯೋದು ಬೇಡ. ನಾನೇ ಹೇಳ್ತೀನಿ," ಎಂದರು. ಅವರ ಹೆಗಲು ಹಿಡಿದು ಕುಂಟುತ್ತಾ ನಾನು ಕಾರು ಸೇರಿದಾಗ ಬಿಸಿಲು ಇಳಿದಿತ್ತು.

ಕೊನೆಯ ದಿನ ಸ್ಯೂತಡೆಯಾದ ಹಳೆಯ ಬೀದಿಗಳಲ್ಲಿ ಮೆಲ್ಲಗೆ ಸುತ್ತಿದೆವು. ಅಲ್ಲಿನ ಹೆಸರಾದ ತಿಂಡಿ ಎನ್ಸೈಮಾಡಾ, ಸುರುಳಿ ಸುತ್ತಿದ ಮೆತ್ತನೆಯ ಸಿಹಿ ರೊಟ್ಟಿ. ಮಕ್ಕಳಿಗೆಂದು ಒಂದು ದೊಡ್ಡ ಡಬ್ಬ ಕಟ್ಟಿಸುತ್ತಿದ್ದೆ. ಏನು ಹಾಕಿದ್ದೀರಿ ಎಂದು ವಸುಧಕ್ಕ ಕೇಳಿದರು. ಹಂದಿಯ ಕೊಬ್ಬು ಎಂದಳು ಅಂಗಡಿಯಾಕೆ, ಹೆಮ್ಮೆಯಿಂದ. ನಾವು ಚೀಸು ಕೊಂಡೆವು. ಪಕ್ಕದ ಅಂಗಡಿಯಲ್ಲಿ ವಸುಧಕ್ಕ ಅರ್ಧ ತೋಳಿನ ನೀಲಿ ಹತ್ತಿಯ ಅಂಗಿಯೊಂದನ್ನು ಕೊಂಡು ಅಲ್ಲೇ ಹಾಕಿಕೊಂಡರು.

ವಿಮಾನ ಮೇಲೆದ್ದಾಗ ಕಿಟಕಿಯಿಂದ ಇಡೀ ದ್ವೀಪ ಒಂದೇ ನೋಟಕ್ಕೆ ಸಿಕ್ಕಿತು. ಅಂಚಿನುದ್ದಕ್ಕೂ ಹಲ್ಲುಗಳ ಹಾಗೆ ಕೊಲ್ಲಿಗಳು. ನಮ್ಮದು ಯಾವುದೆಂದು ಇಬ್ಬರಿಗೂ ಗುರುತು ಹತ್ತಲಿಲ್ಲ.

ಡಬ್ಲಿನ್‌ನಲ್ಲಿ ಪ್ರಶಾಂತನೂ ಭಾವನೂ ಕಾಯುತ್ತಿದ್ದರು. ಭಾವ ಹೆಂಡತಿಗೆಂದು ಉದ್ದ ತೋಳಿನ ಕೋಟು ತಂದಿದ್ದರು. ಅವರ ಕಣ್ಣು ವಸುಧಕ್ಕನ ತೋಳಿನ ಮೇಲೆ ಬಿತ್ತು, ಅಲ್ಲಿಂದ ತಮ್ಮನ ಮುಖಕ್ಕೆ ಹೋಯಿತು. ಅವಸರದಲ್ಲಿ ಕೋಟು ಬಿಡಿಸಿ ಹಿಡಿದರು. ವಸುಧಕ್ಕ ಅದನ್ನು ತೆಗೆದುಕೊಳ್ಳಲಿಲ್ಲ.

"ಪ್ರಶಾಂತ, ಇದು ತೊನ್ನು. ಮೊದಲಿಂದಲೂ ಐತೆ. ನಿನಗೆ ನಾನೇ ಹೇಳ್ಬೇಕು ಅಂತಿತ್ತು," ಎಂದರು.

ನನ್ನ ಗಂಡ ಅಣ್ಣನನ್ನು ನೋಡಿದ, ನನ್ನನ್ನು ನೋಡಿದ. ಯಾರೂ ಸಹಾಯಕ್ಕೆ ಬರಲಿಲ್ಲ. ಕೊನೆಗೆ ಅತ್ತಿಗೆಯ ಕೈಯಿಂದ ಚೀಲ ತೆಗೆದುಕೊಂಡು, "ಹೊರಗೆ ಮಳೆ, ಅತ್ತಿಗೆ. ಅರ್ಧ ತೋಳಲ್ಲಿ ಚಳಿ ಆಗಲ್ವಾ?" ಎಂದ.

"ಇಲ್ಲಪ್ಪ, ಗ್ರ್ಯಾಂಡ್ ಐತೆ," ಎಂದರು ವಸುಧಕ್ಕ, 'ಏನೂ ತೊಂದರೆಯಿಲ್ಲ' ಎನ್ನಲು ಐರಿಶ್ ಜನ ಬಳಸುವ ಮಾತಿನಲ್ಲಿ.

ವಾಟರ್‌ಫರ್ಡ್‌ಗೆ ಅವರಿಗಿನ್ನೂ ಎರಡು ಗಂಟೆಗೂ ಮೀರಿದ ದಾರಿ ಇತ್ತು. ಗಾಜಿನ ಬಾಗಿಲಲ್ಲಿ ನಿಂತು ನಾವು ನೋಡಿದೆವು. ಕಾರು ನಿಲ್ಲಿಸಿದ ಕಡೆಗೆ ವಸುಧಕ್ಕ ಮುಂದೆ ನಡೆಯುತ್ತಿದ್ದರು. ಭಾವ ಆ ಕೋಟನ್ನು ಮಡಚಿ ತಮ್ಮ ಕೈಮೇಲೆ ಹಾಕಿಕೊಂಡು ಹಿಂದೆ ಹೋಗುತ್ತಿದ್ದರು. ಸ್ವಲ್ಪ ದೂರದಲ್ಲಿ ಹೆಜ್ಜೆ ಬೀಸಿ ಅವರ ಪಕ್ಕಕ್ಕೆ ಬಂದರು. ಮಳೆ ಜೋರಾಗಿಯೇ ಇತ್ತು. ಇಬ್ಬರೂ ಓಡಲಿಲ್ಲ.