ಮೋತಿಯ ಬಾಲದ ಬ್ರಶ್

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಕಟಿಂಗ್ ಅಂಗಡಿ ಇಟ್ಟಿದ್ದ ಯಲಗೂರಪ್ಪನಿಗೆ ಹೆಂಡತಿಗಿಂತ ದಾಡಿ ಬ್ರಶ್ಶುಗಳ ಮೇಲೆಯೇ ಮಾಯೆ ಜಾಸ್ತಿ ಎಂದು ಓಣಿಯವರು ನಗುತ್ತಿದ್ದರು. ನಗಲಿ ಬಿಡಿ. ದಾಡಿ ಮುಗಿದೊಡನೆ ಬ್ರಶ್ಶನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಕೊಡವಿ, ಹಳೆಯ ಧೋತರದ ತುಂಡಿನಲ್ಲಿ ಒತ್ತಿ, ಕೂದಲು ಕೆಳಗಾಗಿ ನೆರಳಲ್ಲಿ ತೂಗುಹಾಕುವವನು ವಿಜಾಪುರದಲ್ಲಿ ಇನ್ನೊಬ್ಬನಿರಲಿಲ್ಲ. ಬಿಸಿಲು ಬೆಂಕಿಗೆ ಕೂದಲು ಮುರಿಯುತ್ತದೆ, ನಿಲ್ಲಿಸಿಟ್ಟರೆ ನೀರಿಳಿದು ಬುಡದ ಅರಗು ಬಿಡುತ್ತದೆ ಎಂದು ಕೇಳದವರಿಗೂ ಹೇಳುತ್ತಿದ್ದ.

ಅದಕ್ಕೇ ಟಾಂಗಾ ಹೊಡೆಯುವ ಗೆಳೆಯ ಅಮೀನಸಾಬ, ತಿಕೋಟಾ ದಾರಿಯಲ್ಲಿ ತನ್ನ ಕುದುರೆ ಮೋತಿ ಹೊಟ್ಟೆಯುಬ್ಬರಿಸಿ ಸತ್ತಾಗ, ಅದರ ಬಾಲದ ಕೂದಲನ್ನು ರುಮಾಲಿನಲ್ಲಿ ಕಟ್ಟಿಕೊಂಡು ನೇರ ಇವನ ಅಂಗಡಿಗೆ ಬಂದ.

“ಒಂದು ಬ್ರಶ್ ಮಾಡಿಕೊಡೋ ಯಲಗೂರ. ದಿನಾ ನನ್ನ ಗಲ್ಲಕ್ಕ ಮಾರಿ ತಿಕ್ಕತಿತ್ತು ಅದು.”

ಯಲಗೂರಪ್ಪ ಜಾಲಿ ಹಿಡಿಕೆಗೆ ಕಟ್ಟಿಕೊಟ್ಟ. ಅಮೀನಸಾಬ ಬೇರೆ ಕುದುರೆ ತಂದ, ಹೊಟ್ಟೆಪಾಡು ನಿಲ್ಲುತ್ತದೆಯೇ? ಆದರೆ ಶುಕ್ರವಾರ ಬೆಳಿಗ್ಗೆ ದಾಡಿಗೆ ಬಂದು ಕೂತು, ಆ ಬ್ರಶ್ಶಿನ ನೊರೆ ಗಲ್ಲಕ್ಕೆ ತಾಗಿದರೆ ಸಾಕು, ಕಣ್ಣು ಮುಚ್ಚಿ “ಮೋತಿ, ಮೋತಿ” ಎನ್ನುತ್ತಿದ್ದ. ಆ ಬ್ರಶ್ಶನ್ನು ಯಲಗೂರಪ್ಪ ಅಂಗಡಿಯಲ್ಲೇ ಬೇರೆ ಇಟ್ಟುಕೊಂಡ, ಇನ್ನೊಬ್ಬರ ಮುಖಕ್ಕೆ ಮುಟ್ಟಿಸಲಿಲ್ಲ.

ಅರವತ್ಮೂರರ ಶ್ರಾವಣದಲ್ಲಿ ವಾರವಿಡೀ ಜಿಟಿಜಿಟಿ ಮಳೆ. ಬ್ರಶ್ ಒಣಗದೆ ಮುಗ್ಗಲು ನಾತ ಹೊಡೆಯಿತು. ನಾಳೆ ಶುಕ್ರವಾರ. ಊರಿಗೆಲ್ಲ ಬುದ್ಧಿ ಹೇಳುವ ಈ ಮನುಷ್ಯ ಅದನ್ನು ನೀರು ಕಾಯಿಸುವ ಒಲೆಯ ಮಗ್ಗುಲಿಗೇ ಇಟ್ಟ! ಅಷ್ಟರಲ್ಲಿ ಅರಕೇರಿಯ ಗಿರಾಕಿಯೊಬ್ಬ ಬಂದು ಕೂತ. ಬಿತ್ತನೆಯ ಮಾತು ಬೆಳೆಯಿತು. ಸುಟ್ಟ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಮೋತಿಯ ಕೂದಲು ಕರಕಲಾಗಿತ್ತು.

ಯಲಗೂರಪ್ಪ ಕರಕಲನ್ನು ಕೆರೆದು ತೆಗೆದು ಹಿಡಿಕೆಯನ್ನಷ್ಟೇ ಉಳಿಸಿಕೊಂಡ. ಅಮೀನಸಾಬನಿಗೆ ಹೇಳಲು ಧೈರ್ಯ ಬರಲಿಲ್ಲ. ಬ್ರಶ್ ಇನ್ನೂ ಹಸಿಯಿದೆ ಎಂದು ಆ ಶುಕ್ರವಾರ ದಾಟಿಸಿದ. ಬಬಲೇಶ್ವರಕ್ಕೆ ಹೋಗಿ, ಮೋತಿಯ ಬಣ್ಣದ್ದೇ ಯಾರದೋ ಕೆಂಪು ಕುದುರೆಯ ಕೂದಲು ಬೇಡಿ ತಂದು ಅದೇ ಹಿಡಿಕೆಗೆ ಕಟ್ಟಿದ. ಅಮೀನಸಾಬ ಕಣ್ಣು ಮುಚ್ಚಿ “ಮೋತಿ” ಅಂದ. ಪ್ರತಿ ಶುಕ್ರವಾರವೂ ಅಂದ. ಒಂದೊಂದು ಸಲವೂ ಯಲಗೂರಪ್ಪ ಕತ್ತಿ ಮಸೆಯುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದ.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅಮೀನಸಾಬ ಪಕ್ಕದ ಗಿರಾಕಿಗೆ ಬ್ರಶ್ ತೋರಿಸಿ, “ಹೆತ್ತ ತಾಯಿನೂ ಹಿಂಗ ಜ್ವಾಕಿ ಮಾಡಂಗಿಲ್ಲರಿ,” ಎಂದು ಹೊಗಳಿದ. ಅದೊಂದನ್ನು ತಡೆದುಕೊಳ್ಳಲಾಗಲಿಲ್ಲ. ಗಿರಾಕಿ ಹೋದ ಮೇಲೆ ಯಲಗೂರಪ್ಪ ಎಲ್ಲವನ್ನೂ ಹೇಳಿಬಿಟ್ಟ.

ಅಮೀನಸಾಬ ಬ್ರಶ್ಶನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ.

“ಸುಟ್ಟ ದಿನಾನ ಹೇಳಿದ್ದರ ಅತ್ತು ಸುಮ್ಮನಾಗತಿದ್ನೆಲೇ. ಇಷ್ಟು ದಿನ ಯಾವ ಕುದುರಿ ಬಾಲಕ್ಕ ಗಲ್ಲ ಕೊಟ್ಟು ಕುಂತಿದ್ದೆ ನಾ?”

“ಸಿಟ್ಟು ಬಂತೇನೋ?”

“ಸಿಟ್ಟಲ್ಲಪಾ. ನಾಚಿಕಿ ಆತು.”

ಅಂದು ಎದ್ದು ಹೋದವನು ಮತ್ತೆ ಆ ಕುರ್ಚಿಯಲ್ಲಿ ಕೂರಲಿಲ್ಲ, ಬೇರೆ ಅಂಗಡಿಗೂ ಹೋಗಲಿಲ್ಲ. ಆಗ ಹೇಳಬೇಕಿತ್ತು, ಇಲ್ಲವೇ ಸಾಯುವ ತನಕ ಬಾಯಿ ಮುಚ್ಚಿಕೊಂಡಿರಬೇಕಿತ್ತು ಎಂದು ಯಲಗೂರಪ್ಪ ಕೊರಗಿದ. ಅಮೀನಸಾಬ ದಾರಿಯಲ್ಲಿ ಸಿಕ್ಕರೆ ಎಂದಿನಂತೆ ಟಾಂಗಾ ನಿಲ್ಲಿಸಿ ಹತ್ತಿಸಿಕೊಳ್ಳುತ್ತಿದ್ದ, ಮನೆಮಂದಿಯ ಕ್ಷೇಮ ಕೇಳುತ್ತಿದ್ದ. ಅವನ ಗಡ್ಡ ಎದೆಗಿಳಿಯಿತು.

“ಅಮೀನಸಾಬ ಈಗ ಭಾಳ ದೇವರ ಮನಶ್ಯಾ ಆಗ್ಯಾನ ನೋಡ್ರಿ,” ಎಂದು ಗಿರಾಕಿಗಳು ಮೆಚ್ಚಿ ಮಾತಾಡುತ್ತಿದ್ದರು.

“ಹೌದರಿ,” ಎಂದು ಯಲಗೂರಪ್ಪ ಅವರ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದ.